ಎರಡು ಸೀಟಿ ಊದುವವರೆಗೆ

ನಾನು ಹೆದರುಪುಕ್ಕಲ. ಮೊದಲೇ ಹೇಳಿಬಿಡುವುದು ಒಳ್ಳೆಯದು, ಇಲ್ಲದಿದ್ದರೆ ಮುಂದೆ ಬರುವ ಸಂಗತಿಯನ್ನು ಯಾರಾದರೂ ಧೈರ್ಯ ಅಂತ ತಿಳಿದಾರು. ಹೊಸನಗರದಲ್ಲಿ ನನ್ನದೊಂದು ಗ್ಯಾರೇಜು. ಎಪ್ಪತ್ತರ ದಶಕದಲ್ಲಿ ನಮ್ಮ ಕಡೆ ಕಾರ್ ರ‍್ಯಾಲಿ ಬರಲು ಶುರುವಾದಾಗಿನಿಂದ ನಾನು ಅದಕ್ಕೆ ಮಾರ್ಷಲ್. ಹೆಸರು ಕೇಳಿದರೆ ಮಿಲಿಟರಿಯವರ ಹುದ್ದೆ ಅನಿಸಬಹುದು, ಅಂಥದ್ದೇನಿಲ್ಲ. ಕಾರು ಬರುವ ದಾರಿಯಿಂದ ಜನರನ್ನೂ ದನಗಳನ್ನೂ ದೂರ ಇಡುವವನು ಮಾರ್ಷಲ್. ಹೆದರುವವರಿಗೇ ಹೇಳಿ ಮಾಡಿಸಿದ ಕೆಲಸ. ಬರಬರುತ್ತ ಸಾಗರ, ಹೊಸನಗರ, ತೀರ್ಥಹಳ್ಳಿ ಮೂರೂ ತಾಲ್ಲೂಕಿನ ಮಾರ್ಷಲ್‌ಗಳಿಗೆ ನಾನೇ ಮುಖ್ಯಸ್ಥನಾದೆ. ಬೇರೆ ಯಾರಿಗೂ ಅಷ್ಟು ಹೆದರಿಕೆ ಇರಲಿಲ್ಲ ಅಂತ ಕಾಣ್ತದೆ.

ರ‍್ಯಾಲಿಯಲ್ಲಿ ಕಾರುಗಳು ಒಟ್ಟಿಗೆ ಓಡುವುದಿಲ್ಲ. ಒಂದು ಹೊರಟು ಎರಡು ನಿಮಿಷ ಆದಮೇಲೆ ಇನ್ನೊಂದನ್ನು ಬಿಡುತ್ತಾರೆ. ಆಗುಂಬೆ ಘಾಟಿಯ ತಿರುವಿನಲ್ಲಿ ನಿಂತವರಿಗಾಗಲಿ, ಅರಳಸುರಳಿ ಕಡೆಯ ಮಣ್ಣುರಸ್ತೆಯಲ್ಲಿ ಪಕ್ಕದ ಎತ್ತರದ ದರೆಯ ಮೇಲೆ ಕೂತವರಿಗಾಗಲಿ ಕಾಣುವುದು ಒಂದು ಸಲಕ್ಕೆ ಒಂದೇ ಕಾರು. ಆದರೆ ಅದೇ ರಸ್ತೆಯಲ್ಲಿ ಶಾಲೆಗೆ ಹೋಗುವ ಮಕ್ಕಳಿರುತ್ತಾರೆ, ಹುಲ್ಲಿನ ಹೊರೆ ಹೊತ್ತವರಿರುತ್ತಾರೆ, ಸೊಸೈಟಿಗೆ ಸಕ್ಕರೆ ತರಲು ಹೊರಟವರಿರುತ್ತಾರೆ. ಇಡೀ ದಿನ ಅವರನ್ನು ತಡೆದು ನಿಲ್ಲಿಸಲು ಆಗುವುದಿಲ್ಲ. ಆ ಎರಡು ನಿಮಿಷದ ಸಂದಿಯಲ್ಲೇ ದಾಟಿಸಬೇಕು.

ಅದಕ್ಕಾಗಿ ನಾನೊಂದು ಪದ್ಧತಿ ಮಾಡಿದ್ದೆ. ಉದ್ದಕ್ಕೆ ಒಂದು ಸೀಟಿ ಊದಿದರೆ ಕಾರು ಬಂತು, ದರೆ ಹತ್ತಿ ಅಂತ. ಗಿಡ್ಡಕ್ಕೆ ಎರಡು ಊದಿದರೆ ಕಾರು ಹೋಯ್ತು, ದಾಟುವವರು ದಾಟಿ ಅಂತ. ಇಷ್ಟೇ. ಇದನ್ನು ಊರೂರಿಗೆ ಕಲಿಸಲು ಎಷ್ಟೋ ವರ್ಷ ಹಿಡಿಯಿತು. ಶುರುವಿನಲ್ಲಿ ಜನ ಸೀಟಿ ಕೇಳಿ ಬಸ್ಸು ಹೊರಟಿತೇನೋ ಅಂತ ರಸ್ತೆಗೇ ಓಡಿಬರುತ್ತಿದ್ದರು. ಬೈದು, ಬೇಡಿ, ಕೈಮುಗಿದು ಅಂತೂ ಕಲಿಸಿದೆ. ಕಡೆಕಡೆಗೆ ಎಷ್ಟು ಅಭ್ಯಾಸವಾಯಿತು ಅಂದರೆ, ನಮ್ಮ ಎಮ್ಮೆಗೂ ಎರಡು ಸೀಟಿ ಅಂದ್ರೆ ಅರ್ಥ ಆಗ್ತದೆ ಮಾರಾಯ ಅಂತ ಅರಳಸುರಳಿಯ ಒಬ್ಬ ಅಜ್ಜಿ ನನ್ನನ್ನು ತಮಾಷೆ ಮಾಡಿದ್ದಳು. ಅಷ್ಟು ವರ್ಷದಲ್ಲಿ ನಮ್ಮ ಮೂರು ತಾಲ್ಲೂಕಿನ ರಸ್ತೆಯಲ್ಲಿ ರ‍್ಯಾಲಿಯಿಂದ ಒಬ್ಬರಿಗೂ ಏಟಾಗಿರಲಿಲ್ಲ. ಅದು ನನ್ನ ಹೆಮ್ಮೆ, ಸುಳ್ಳು ಯಾಕೆ ಹೇಳಲಿ.

ನನ್ನ ಹೆಂಡತಿಗೆ ಮಾತ್ರ ರ‍್ಯಾಲಿ ಅಂದರೆ ಅಷ್ಟಕ್ಕಷ್ಟೆ. ಮದುವೆಯಾದ ಹೊಸತರಲ್ಲಿ ಅವಳನ್ನು ಆಗುಂಬೆಗೆ ಕರಕೊಂಡು ಹೋಗಿದ್ದೆ. ಬುತ್ತಿ ಕಟ್ಟಿಕೊಂಡು ಬೆಳಿಗ್ಗೆಯೇ ಹೋಗಿ ತಿರುವಿನಲ್ಲಿ ಕೂತಳು. ಕಾರು ಬಂದಾಗ ನಾನು ಸೀಟಿ ಊದಿದೆ, ಅವಳು ದರೆ ಹತ್ತಿದಳು, ಧೂಳು ಎದ್ದಿತು, ಕಾರು ಹೋಯಿತು. "ಇಷ್ಟೇನಾ?" ಅಂದಳು. ಇನ್ನೂ ಬರ್ತಾವೆ ಅಂದೆ. ಬಂದವು. ಪ್ರತಿಸಲವೂ ಅಷ್ಟೇ. ಯಾರು ಮುಂದಿದ್ದಾರೆ ಅಂತ ಅವಳು ಕೇಳಿದರೆ ನನಗೂ ಗೊತ್ತಿಲ್ಲ, ಕಾರಿನೊಳಗೆ ಕೂತವನಿಗೂ ಗೊತ್ತಿಲ್ಲ, ಗಡಿಯಾರ ಹಿಡಿದು ಕೊನೆಯಲ್ಲಿ ಕೂತವರು ಲೆಕ್ಕ ಹಾಕಿ ಹೇಳಬೇಕು. ನಿಮ್ಮ ರ‍್ಯಾಲಿ ಅಂದ್ರೆ ಮದುವೆ ಊಟದ ಪರಿಮಳ ಮಾತ್ರ ಮೂಸಿ ಬಂದಂಗೆ ಅಂತ ಹೇಳಿ ಮತ್ತೆ ಅವಳು ಆ ಕಡೆ ತಲೆ ಹಾಕಲಿಲ್ಲ.

ಎಂಬತ್ತರ ದಶಕದ ನಡುವೆ ನಮ್ಮ ಮೋಟಾರು ಸಂಘದ ಕಾರ್ಯದರ್ಶಿಗಳು ರ‍್ಯಾಲಿಕ್ರಾಸ್ ಅನ್ನುವ ಮಾತು ತಂದರು. ಅವರು ತೀರ್ಥಹಳ್ಳಿಯ ಗೌಡರ ಮನೆಯವರು, ನನಗಿಂತ ಚಿಕ್ಕವರು, ಒಳ್ಳೆಯ ಮನುಷ್ಯ. ಯಾವುದೋ ವಿದೇಶಿ ಪತ್ರಿಕೆಯ ಚಿತ್ರಗಳನ್ನು ತೋರಿಸಿದರು. ಗುಂಡಗೆ ಒಂದು ಮಣ್ಣಿನ ದಾರಿ, ಅದರ ಮೇಲೆ ನಾಲ್ಕು ಕಾರು ಅಕ್ಕಪಕ್ಕ, ಒಂದಕ್ಕೊಂದು ತಾಗುವಷ್ಟು ಹತ್ತಿರ. ಸುತ್ತ ಜನ. ಐದು ಸುತ್ತು ಓಡಬೇಕು, ಮೊದಲು ಬಂದವನು ಗೆದ್ದ. ಗಡಿಯಾರ ಬೇಡ, ಪಕ್ಕದಲ್ಲಿ ಕೂತು ದಾರಿ ಹೇಳುವವನೂ ಬೇಡ. ಕೊಯ್ಲಾದ ಮೇಲೆ ಗದ್ದೆಯಲ್ಲೇ ಮಾಡಬಹುದಲ್ಲ ಅಂದರು.

ಘಟ್ಟದ ಕೆಳಗಿನವರು ಕೋಣ ಓಡಿಸ್ತಾರೆ, ನೀವು ಕಾರು ಓಡಿಸ್ತೀರಿ, ಕೆಸರೊಂದು ಇಲ್ಲ ಅಷ್ಟೆ ಅಂತ ನಾನು ನಗೆಯಾಡಿದೆ. ನನಗೆ ಅದು ಇಷ್ಟವಾಗಲಿಲ್ಲ. ರ‍್ಯಾಲಿಯ ರುಚಿಯೇ ಬೇರೆ. ಮುಂದಿನ ತಿರುವು ಎಂಥದ್ದು ಅಂತ ಗೊತ್ತಿಲ್ಲ, ಮಂಜು ಇರಬಹುದು, ಮರ ಬಿದ್ದಿರಬಹುದು. ಅಲ್ಲಿ ಚಾಲಕನಿಗೆ ರಸ್ತೆಯೇ ಎದುರಾಳಿ. ಇಲ್ಲಿ ಎರಡನೇ ಸುತ್ತಿಗೆ ಎಲ್ಲ ತಿರುವೂ ಬಾಯಿಪಾಠ ಆಗಿಬಿಡುತ್ತದೆ. ಅದರಲ್ಲಿ ಏನು ಸ್ವಾರಸ್ಯ ಅಂತ ವಾದ ಮಾಡಿದೆ. ಆಗ ಪಕ್ಕದಲ್ಲಿದ್ದ ನನ್ನ ಭಾಮೈದ, ಹೆಂಡತಿಯ ತಮ್ಮ, ಒಂದು ಮಾತು ಹೇಳಿದ. ಅವನು ಟ್ಯಾಕ್ಸಿ ಓಡಿಸುತ್ತಿದ್ದವನು, ಎರಡು ಸಲ ರ‍್ಯಾಲಿಯಲ್ಲಿ ಓಡಿ ಎಲ್ಲೋ ಕೊನೆಯ ಸಾಲಿನಲ್ಲಿ ಬಂದಿದ್ದ.

"ತಿರುವು ಬಾಯಿಪಾಠ ಆಗ್ತದೆ ಭಾವ. ಆದ್ರೆ ಆ ತಿರುವಿನಲ್ಲಿ ಇನ್ನೊಬ್ಬ ಇರ್ತಾನಲ್ಲ, ಅವ ಬಾಯಿಪಾಠ ಆಗ್ತಾನಾ? ರ‍್ಯಾಲಿಲಿ ನಾ ಎಷ್ಟನೇವ ಅಂತ ಮಾರನೇ ದಿನ ಗೊತ್ತಾಗ್ತದೆ. ಇಲ್ಲಿ ಕನ್ನಡೀಲೇ ಕಾಣ್ತದೆ."

ಒಂದು ಸಲ ಮಾಡಿ ನೋಡೋಣ ಅಂತ ಒಪ್ಪಿದೆ. ಹೆಂಡತಿಗೂ ಸುದ್ದಿ ಮುಟ್ಟಿತು. ಒಂದೇ ಜಾಗದಲ್ಲಿ ಕೂತು ಶುರುವಿನಿಂದ ಕೊನೆವರೆಗೆ ಕಾಣ್ತದಂತೆ, ಅದಕ್ಕಾದ್ರೆ ನಾನೂ ಬರ್ತೀನಿ ಅಂದಳು.

ಸಾಗರದಿಂದ ಹೊಳೆಬಾಗಿಲಿಗೆ ಹೋಗುವ ದಾರಿಯ ಪಕ್ಕ ಒಂದು ಜಾಗ ಸಿಕ್ಕಿತು. ಅರ್ಧ ಕೊಯ್ಲಾದ ಗದ್ದೆ, ಅರ್ಧ ಹುಲ್ಲು ಬೆಳೆಯುವ ಬ್ಯಾಣದ ಇಳಿಜಾರು, ಒಂದು ಮೂಲೆಯಲ್ಲಿ ದೊಡ್ಡ ಬಿದಿರು ಮೆಳೆ. ಗದ್ದೆಯ ಯಜಮಾನರು ಒಂದೇ ಷರತ್ತು ಹಾಕಿದರು: ದಾರಿಗಾಗಿ ಕಡಿದ ಅಂಚನ್ನು, ಅಂದರೆ ಗದ್ದೆಯ ಬದುವನ್ನು, ಮಳೆಗಾಲದ ಒಳಗೆ ಮೊದಲಿನ ಹಾಗೇ ಕಟ್ಟಿಕೊಡಬೇಕು. ಇನ್ನೊಂದು ಷರತ್ತು ಪೊಲೀಸ್ ಇನ್‌ಸ್ಪೆಕ್ಟರರದ್ದು. ಅದನ್ನು ಅವರು ನನ್ನ ಮುಖ ನೋಡಿಯೇ ಹೇಳಿದರು. ಜನರಲ್ಲಿ ಒಬ್ಬರಿಗೆ ಏನಾದ್ರೂ ಆದ್ರೆ ಈ ರೇಸೂ ಇಲ್ಲ, ಇನ್ನು ಮುಂದೆ ನಿಮ್ಮ ರ‍್ಯಾಲಿನೂ ಇಲ್ಲ. 

ದಾರಿ ಮಾಡುವುದೇ ಒಂದು ತಾಪತ್ರಯ ಆಯಿತು. ಅಂಚು ಕಡಿದು ಸಮ ಮಾಡಿದರೆ ಕಾರು ಓಡುವಾಗ ಧೂಳೆದ್ದು ಹಿಂದಿನವನಿಗೆ ಏನೂ ಕಾಣದು. ರ‍್ಯಾಲಿಯಲ್ಲಾದರೆ ಎರಡು ನಿಮಿಷದಲ್ಲಿ ಧೂಳು ಕೂರುತ್ತಿತ್ತು, ಇಲ್ಲಿ ಎರಡು ಕ್ಷಣವೂ ಸಿಗುವುದಿಲ್ಲ. ಕೆರೆಯಿಂದ ಟ್ಯಾಂಕರಿನಲ್ಲಿ ನೀರು ತಂದು ಹೊಡೆಸಿದೆವು. ಮೊದಲ ದಿನ ನೀರು ಜಾಸ್ತಿಯಾಗಿ ಗದ್ದೆಮಣ್ಣು ಹಲ್ವದ ಹಾಗಾಯಿತು. ಪರೀಕ್ಷೆಗೆ ಬಿಟ್ಟ ಜೀಪನ್ನು ಎತ್ತು ಕಟ್ಟಿ ಎಳೆಯಬೇಕಾಯಿತು. ಮರುದಿನ ಕಡಿಮೆಯಾಯಿತು. ಕೊನೆಗೆ ಹಿಂದಿನ ಸಂಜೆ ಚೆನ್ನಾಗಿ ಹೊಡೆದು, ಬೆಳಿಗ್ಗೆ ಬರೀ ಚಿಮುಕಿಸಿದರೆ ಹದ ಸಿಗುತ್ತದೆ ಅಂತ ಗೊತ್ತಾಯಿತು. ಬಿದಿರು ಮೆಳೆಯ ಮೂಲೆಗೆ ಮಾತ್ರ ಟ್ಯಾಂಕರು ಹೋಗುತ್ತಿರಲಿಲ್ಲ, ಅಲ್ಲಿ ಧೂಳು ಹಾಗೇ ಉಳಿಯಿತು.

ಗದ್ದೆಯ ಹೊಟ್ಟು, ಹುಲ್ಲಿನ ಚೂರು ಹಾರಿ ರೇಡಿಯೇಟರಿಗೆ ಮೆತ್ತಿಕೊಂಡು ನೀರು ಕುದಿಯುತ್ತಿತ್ತು. ಎಲ್ಲ ಕಾರಿನ ಮುಂಭಾಗಕ್ಕೂ ನಾನೇ ಕಿಟಕಿಯ ಸೊಳ್ಳೆ ಜಾಲರಿ ಕತ್ತರಿಸಿ ಕಟ್ಟಿದೆ, ಒಂದೊಂದು ಓಟದ ನಂತರ ಕೊಡವಿಕೊಳ್ಳಿ ಅಂತ ಹೇಳಿದೆ. ದಾರಿಯ ಎರಡು ಬದಿಗೂ ಅಡಿಕೆ ದಬ್ಬೆಯ ಬೇಲಿ, ತಿರುವುಗಳಲ್ಲಿ ಬಸ್ಸಿನ ಹಳೇ ಟೈರು, ಹುಲ್ಲಿನ ಹೊರೆ. ಜನ ನಿಲ್ಲಲು ಬೇಲಿಯಿಂದಾಚೆ ಎತ್ತರದ ಅಂಚು. ಕಾರುಗಳು ನಿಲ್ಲುವ ಜಾಗ, ಕುಡಿಯುವ ನೀರು, ಚಹಾದಂಗಡಿ ಎಲ್ಲ ದಾರಿಯ ಒಳಮಗ್ಗುಲಿಗೆ. ಹಾಗಾಗಿ ಜನ ಅಲ್ಲಲ್ಲಿ ದಾಟಲೇಬೇಕು, ಅದಕ್ಕೆ ಬೇಲಿಯಲ್ಲಿ ಸಂದು ಬಿಟ್ಟಿದ್ದೆವು. ಒಂದೊಂದು ಸಂದಿಗೆ ಒಬ್ಬೊಬ್ಬ ಮಾರ್ಷಲ್. ಇವರೆಲ್ಲ ನನ್ನ ಹಳೇ ರ‍್ಯಾಲಿ ಪಡೆಯವರು, ಸಾಗರದ ಹೈಸ್ಕೂಲಿನ ಡ್ರಿಲ್ ಮಾಸ್ಟ್ರು ಅವರನ್ನು ನೋಡಿಕೊಳ್ಳುತ್ತಿದ್ದರು. ಎಲ್ಲರ ಕೊರಳಿನಲ್ಲೂ ಸೀಟಿ. ನನಗೆ ಗದ್ದೆಗೆ ಹಂದಿ ಬಾರದಂತೆ ಕಾಯಲು ಕಟ್ಟುವಂಥ ಎತ್ತರದ ಅಟ್ಟಣೆ, ಒಂದು ಮಾಳ ಎಬ್ಬಿಸಿಕೊಟ್ಟರು. ಅದರ ಮೇಲೆ ನಿಂತರೆ ಬಿದಿರು ಮೆಳೆಯ ಹಿಂದಿನ ತುಂಡೊಂದು ಬಿಟ್ಟು ಪೂರಾ ದಾರಿ ಕಾಣುತ್ತಿತ್ತು.

ರೇಸಿನ ದಿನ ಬೆಳಿಗ್ಗೆ ನಾನು ಎಣಿಸಿದ್ದಕ್ಕಿಂತ ಹೆಚ್ಚು ಜನ ಸೇರಿದರು. ಕಾರ್ಗಲ್ಲಿನಿಂದ, ತೀರ್ಥಹಳ್ಳಿಯಿಂದ, ಎಲ್ಲೆಲ್ಲಿಂದಲೋ ಲಾರಿಯಲ್ಲಿ ಬಂದಿದ್ದರು. ಅಂಚಿನ ಮೇಲೆ ಇರುವೆ ಸಾಲು. ಆದರೂ ಒಂದು ಸಮಾಧಾನ ಇತ್ತು: ಇವರೆಲ್ಲ ನಮ್ಮ ಜನ, ಸೀಟಿ ಗೊತ್ತಿದ್ದವರು.

ಅಭ್ಯಾಸಕ್ಕೆ ಎರಡು ಕಾರು ಬಿಟ್ಟೆವು. ಮುಂದೆ ಒಂದು ಪದ್ಮಿನಿ, ಅದರ ಬೆನ್ನಿಗೇ ಒಂದು ಹಳೇ ಹೆರಾಲ್ಡ್. ಪದ್ಮಿನಿ ಮೆಳೆಯಿಂದ ಈಚೆ ಬಂದು ಕೆಳಗಿನ ತಿರುವು ದಾಟಿತು. ಅಲ್ಲಿದ್ದ ಮಾರ್ಷಲ್ ಗಿಡ್ಡಕ್ಕೆ ಎರಡು ಸೀಟಿ ಊದಿದ.

ಅಂಚಿನ ಮೇಲಿದ್ದ ಜನ ಸಂದಿಯಿಂದ ದಾರಿಗೆ ಇಳಿದರು. ಕೆಲವರು ದಾಟಲು, ಕೆಲವರು ಹೋದ ಕಾರನ್ನು ಹಿಂದಿನಿಂದ ನೋಡಲು. ಎಲ್ಲರ ಮುಖವೂ ಕಾರು ಹೋದ ದಿಕ್ಕಿಗೆ, ಬರುವ ದಿಕ್ಕಿಗೆ ಬೆನ್ನು. ಅವರಲ್ಲಿ ಬುತ್ತಿ ಹಿಡಿದುಕೊಂಡು, ರೇಸಿಗೆ ಹೆಸರು ಕೊಟ್ಟಿದ್ದ ತಮ್ಮನಿಗೆ ಕೊಡಲು ಹೊರಟ ನನ್ನ ಹೆಂಡತಿಯೂ ಇದ್ದಳು. ಮಾಳದ ಮೇಲಿಂದ ಅವಳ ಹಳದಿ ಸೀರೆ ಕಂಡಿತು. ಹೆರಾಲ್ಡ್ ಬರುವುದೂ ಕಂಡಿತು. ನಾನು ಕೂಗಿದೆನೋ ಇಲ್ಲವೋ ಇವತ್ತಿಗೂ ಗೊತ್ತಿಲ್ಲ.

ಹೆರಾಲ್ಡಿನವನು ಸ್ಟಿಯರಿಂಗ್ ಎಳೆದು ಬೇಲಿ ಮುರಿದುಕೊಂಡು ಹುಲ್ಲಿನ ಹೊರೆಗೆ ನುಗ್ಗಿಸಿದ. ಯಾರಿಗೂ ತಾಗಲಿಲ್ಲ. ಅವನು ಇಳಿದು ಬಂದವನು ಬೈಯಲೂ ಇಲ್ಲ, ಹುಲ್ಲಿನ ಮೇಲೆ ಕೂತು ತಲೆ ಹಿಡಿದುಕೊಂಡ. ನಾನು ಮಾಳ ಇಳಿದು ಓಡಿದೆ. ಹೆಂಡತಿ ಬುತ್ತಿಯನ್ನು ಎದೆಗೆ ಒತ್ತಿಕೊಂಡು ನಿಂತಿದ್ದಳು. ನಿನಗೆ ಕಣ್ಣಿಲ್ವಾ ಅಂತ ಸಿಡುಕಿದೆ. ಹೆದರಿದಾಗ ನನಗೆ ಬರುವುದು ಸಿಟ್ಟೇ.

"ನೀವೇ ಕಲ್ಸಿದ್ದಲ್ವಾ," ಅಂದಳು. "ಎರಡು ಸೀಟಿ ಆದ್ರೆ ದಾಟ್ಬಹುದು ಅಂತ."

ಎಲ್ಲ ಅರ್ಥ ಆಯಿತು. ಅವಳು ಸರಿ, ಮಾರ್ಷಲ್ ಸರಿ, ಇಳಿದ ಜನರೂ ಸರಿ. ಒಂದು ಕಾರು ಹೋದಮೇಲೆ ರಸ್ತೆ ಖಾಲಿ ಅನ್ನುವುದು ಅವರ ರಕ್ತಕ್ಕೇ ಸೇರಿಹೋಗಿತ್ತು. ರ‍್ಯಾಲಿ ನೋಡದ ಊರಿನವರಾಗಿದ್ದರೆ ಹೆದರಿ ಅಂಚಿನ ಮೇಲೇ ಉಳಿಯುತ್ತಿದ್ದರು. ನಮ್ಮವರು ಕಲಿತವರು, ಅದಕ್ಕೇ ಇಳಿದರು. ಅಷ್ಟು ವರ್ಷ ಜೀವ ಉಳಿಸಿದ ಪಾಠ ಇವತ್ತು ಜೀವ ತೆಗೆಯಲು ನಿಂತಿತ್ತು.

ನಾನು ಕಾರ್ಯದರ್ಶಿಗಳ ಹತ್ತಿರ ಹೋಗಿ, ಒಂದೊಂದೇ ಕಾರು ಬಿಡಿ, ಗಡಿಯಾರದಲ್ಲಿ ಲೆಕ್ಕ ಹಾಕೋಣ ಅಂದೆ. ಅವರೂ ಬೆವತುಹೋಗಿದ್ದರು. ಒಂದೊಂದೇ ಬಿಟ್ಟರೆ ಅದು ಮತ್ತೆ ರ‍್ಯಾಲಿನೇ ಆಯ್ತಲ್ಲ, ನಾಲ್ಕೂ ಒಟ್ಟಿಗೆ ಓಡೋದು ನೋಡಕ್ಕೆ ತಾನೇ ಇವರೆಲ್ಲ ಬಂದಿದ್ದು, ಇಲ್ಲ ಅಂದ್ರೆ ಬೇಲಿ ಕಿತ್ತು ಒಳಗೆ ಬರ್ತಾರೆ ಅಂದರು. ಅದೂ ನಿಜವೇ. ಡ್ರಿಲ್ ಮಾಸ್ಟ್ರು ಮೈಕಿನಲ್ಲಿ ಹೇಳಿಸೋಣ ಅಂದರು. ಮಾರ್ಷಲ್‌ಗಳಿಗೂ ತಾಕೀತು ಮಾಡಿದೆವು: ಒಂದು ಕಾರು ಹೋದಮೇಲೆ ಯಾರೂ ಎರಡು ಸೀಟಿ ಊದಬಾರದು. ಎಲ್ಲರೂ ತಲೆಯಾಡಿಸಿದರು. ಮೈಕಿನಲ್ಲಿ ಹೇಳಿದಾಗ ಜನರೂ ತಲೆಯಾಡಿಸಿದರು.

ಮತ್ತೆ ಎರಡು ಕಾರು, ಈ ಸಲ ಮೆಲ್ಲಗೆ ಓಡಿಸಿ ಅಂತ ಹೇಳಿ ಬಿಟ್ಟೆವು. ಮುಂದಿನದು ಮೇಲಿನ ತಿರುವು ದಾಟಿದ್ದೇ ತಡ, ಅಲ್ಲಿದ್ದ ಮಾರ್ಷಲ್ ಎರಡು ಸೀಟಿ ಊದಿಬಿಟ್ಟ. ಊದಿದವನು ಸೀಟಿಯನ್ನು ಬಾಯಿಂದ ಕಿತ್ತು ನೋಡಿಕೊಂಡ ರೀತಿ ನೆನೆಸಿದರೆ ಈಗ ನಗು ಬರುತ್ತದೆ, ಆಗ ಬರಲಿಲ್ಲ. ಜನ ಇಳಿದೇ ಇಳಿದರು. ಕಾರು ಮೆಲ್ಲಗಿದ್ದದ್ದಕ್ಕೆ ಬಚಾವು.

ನಾನು ಚಹಾದಂಗಡಿಯ ಹಿಂದೆ ಹೋಗಿ ಸ್ವಲ್ಪ ಹೊತ್ತು ಒಬ್ಬನೇ ನಿಂತೆ. ಮನೆಗೆ ಹೋಗಿಬಿಡೋಣ ಅನಿಸಿತು. ಬರೀ ಮಾತಿನಿಂದ ಅಭ್ಯಾಸ ಬಿಡಿಸಲು ಆಗುವುದಿಲ್ಲ. ಕಲಿಸಲು ಅಷ್ಟು ವರ್ಷ ಬೇಕಾಯಿತು, ಮರೆಸಲು ಮಧ್ಯಾಹ್ನದವರೆಗೆ ಸಮಯ. ಹಾಗೆ ಯೋಚಿಸುತ್ತಿರುವಾಗ ಹೊಳೆಯಿತು: ಮರೆಸುವುದು ಯಾಕೆ? ಎರಡು ಸೀಟಿ ಕೇಳಿದರೆ ಇಳಿಯುತ್ತಾರೆ ಅಂದರೆ, ಕೇಳದಿದ್ದರೆ ಇಳಿಯುವುದಿಲ್ಲ ಅಂತಲೂ ಆಯಿತಲ್ಲ. ಸೀಟಿಯೇ ಇಲ್ಲದ ಹಾಗೆ ಮಾಡಿದರೆ?

ಡ್ರಿಲ್ ಮಾಸ್ಟ್ರನ್ನು ಕರೆದು ಎಲ್ಲ ಮಾರ್ಷಲ್‌ಗಳ ಸೀಟಿ ವಾಪಸು ತರಿಸಿ ಅಂದೆ. ಅವರಿಗೆ ಆಶ್ಚರ್ಯ. ಸೀಟಿ ಇಲ್ದೆ ಅವ್ರು ಎಂತ ಮಾಡ್ತಾರೆ ಅಂದರು. ಕೆಂಪು ಬಟ್ಟೆ ಹಿಡಿದು ನಿಲ್ಲಲಿ, ಹೊರಡುವ ಬಾವುಟ ಬಿದ್ದಾಗ ಸಂದಿಗೆ ಅಡ್ಡ ಒಂದು ಗಳ ಇಡಲಿ, ರೈಲ್ವೆ ಗೇಟಿನ ಹಾಗೆ. ಸೀಟಿ ಇಡೀ ಮೈದಾನದಲ್ಲಿ ಒಂದೇ, ನನ್ನದು. ಓಟ ಪೂರ್ತಿ ಮುಗಿದಮೇಲೆ ನಾನು ಎರಡು ಸಲ ಊದುತ್ತೇನೆ, ಆಗ ದಾಟಲಿ. ಮೈಕಿನಲ್ಲಿ ಇದೊಂದನ್ನೇ ಹೇಳಿಸಿ, ಬೇರೆ ಏನೂ ಬೇಡ ಅಂದೆ.

ಸೀಟಿಗಳು ಬಟ್ಟೆ ಚೀಲದಲ್ಲಿ ಬಂದವು. ಕೆಲವರಿಗೆ ಬೇಜಾರಾಗಿತ್ತು, ಒಬ್ಬ ಕೊಡಲು ಒಪ್ಪದೆ ಜಗಳ ಮಾಡಿದನಂತೆ. ಚೀಲ ಮಾಳದ ಕಂಬಕ್ಕೆ ಕಟ್ಟಿದೆ. ನನ್ನದನ್ನು ಕೊರಳಲ್ಲಿ ಇಟ್ಟುಕೊಳ್ಳಲು ಧೈರ್ಯ ಬರಲಿಲ್ಲ. ಅವರ ಬಾಯಿಗೆ ತಾನಾಗಿ ಹೋದದ್ದು ನನ್ನ ಬಾಯಿಗೆ ಹೋಗದೆ ಇರುತ್ತದೆಯೇ? ಪ್ಯಾಂಟಿನ ಜೇಬಿಗೆ ಹಾಕಿ ಮೇಲೆ ಕರ್ಚೀಫು ತುರುಕಿದೆ. ಒಂದು ಉಪಾಯ ಸಿಕ್ಕಿತು ಅಂತ ನೆಮ್ಮದಿ ಆಗಬೇಕಿತ್ತು, ಆದದ್ದು ಉಲ್ಟಾ. ಮೊದಲು ಹೆದರಿಕೆ ಎಲ್ಲರಿಗೂ ಹಂಚಿಹೋಗಿತ್ತು. ಈಗ ಅಷ್ಟೂ ನನ್ನ ಒಂದು ಜೇಬಿನಲ್ಲಿತ್ತು.

ಮಧ್ಯಾಹ್ನ ಓಟಗಳು ಶುರುವಾದವು. ನಾಲ್ಕು ಕಾರು ಒಟ್ಟಿಗೆ ಗರ್ಜಿಸಿದಾಗ ನನ್ನ ಮಾಳವೇ ನಡುಗಿತು. ಜನರ ಕೂಗು ಅದಕ್ಕಿಂತ ಜೋರು. ಸತ್ಯ ಹೇಳಬೇಕು, ಅಂಥ ಕೂಗು ನಾನು ಯಾವ ರ‍್ಯಾಲಿಯಲ್ಲೂ ಕೇಳಿರಲಿಲ್ಲ. ರ‍್ಯಾಲಿಯಲ್ಲಿ ಜನ ನೋಡಿ ಹೋಗುತ್ತಾರೆ. ಇಲ್ಲಿ ಅವರೂ ಕಾರಿನ ಜೊತೆ ಓಡುತ್ತಿದ್ದರು. ಒಬ್ಬ ಹಿಂದೆ ಬಿದ್ದರೆ ಅಯ್ಯೋ, ಮುಂದೆ ಬಂದರೆ ಹೋ. ಹೆಸರು ಗೊತ್ತಿಲ್ಲದ ಚಾಲಕನಿಗೂ ಬಣ್ಣ ನೋಡಿ ಪಕ್ಷ ಕಟ್ಟಿಬಿಟ್ಟಿದ್ದರು. ನಾನು ಮಾತ್ರ ಕಾರು ನೋಡುತ್ತಿರಲಿಲ್ಲ, ಅಂಚು ನೋಡುತ್ತಿದ್ದೆ. ಪ್ರತಿ ಕಾರು ಹೋದಾಗಲೂ ಜನ ಒಂದು ಹೆಜ್ಜೆ ಮುಂದೆ ಬರುತ್ತಿದ್ದರು, ಸೀಟಿಗೆ ಕಿವಿ ಕೊಡುತ್ತಿದ್ದರು, ಬಾರದಿದ್ದಾಗ ನಿಲ್ಲುತ್ತಿದ್ದರು. ನನ್ನ ಕೈ ಎರಡು ಸಲ ಜೇಬಿಗೆ ಹೋಯಿತು. ಒಂದು ಕೈಯನ್ನು ಇನ್ನೊಂದರಿಂದ ಹಿಡಿದುಕೊಂಡು ನಿಂತೆ.

ಓಟ ಮುಗಿದು ನಾಲ್ಕೂ ಕಾರು ಗೆರೆ ದಾಟಿದಮೇಲೆ ಎಣಿಸಿ, ಇನ್ನೊಮ್ಮೆ ಎಣಿಸಿ, ಊದುತ್ತಿದ್ದೆ. ಜನ ಇಳಿಯುತ್ತಿದ್ದರು, ಚಹಾ ಕುಡಿದು ವಾಪಸು ಹೋಗುತ್ತಿದ್ದರು. ಹೀಗೆ ಸಾಗಿ ಕೊನೆಯ ಓಟಕ್ಕೆ ಬಂತು.

ಅದರಲ್ಲಿ ನನ್ನ ಭಾಮೈದ ಇದ್ದ. ಹೆಂಡತಿ ಬೆಳಿಗ್ಗೆಯ ಜಾಗದಲ್ಲೇ, ಕೆಳಗಿನ ತಿರುವಿನ ಸಂದಿಯ ಬಾಯಲ್ಲಿ ನಿಂತಿದ್ದಳು. ಅಲ್ಲಿಂದ ಬಿದಿರು ಮೆಳೆಯ ಹಿಂದಿನ ತುಂಡೂ ಕಾಣುತ್ತದೆ ಅಂತ ಆ ಜಾಗ ಬಿಟ್ಟುಕೊಟ್ಟಿರಲಿಲ್ಲ. ಬಾವುಟ ಬಿತ್ತು, ಗಳ ಇಟ್ಟರು, ಕಾರು ಹೊರಟವು. ಒಂದು, ಎರಡು, ಮೂರು ಸುತ್ತು. ಬಿದಿರು ಮೆಳೆಯಲ್ಲಿ ಧೂಳು ಕಟ್ಟಿ ಮೋಡದ ಹಾಗೆ ನಿಂತುಬಿಟ್ಟಿತು. ಕೊನೆಯ ಸುತ್ತಿನಲ್ಲಿ ಆ ಧೂಳಿನೊಳಗೆ ನಾಲ್ಕು ಹೋದವು, ಮೂರು ಹೊರಗೆ ಬಂದವು.

ಮೂರೂ ಗೆರೆ ದಾಟಿದವು. ಚೌಕಳಿ ಬಾವುಟ ಆಡಿತು. ಯಾರೋ ಗೆದ್ದಿದ್ದರು, ಜನ ಟವೆಲ್ಲು ಎಸೆದು ಕುಣಿಯುತ್ತಿದ್ದರು, ಗೆದ್ದವನನ್ನು ಎತ್ತಿಕೊಳ್ಳಲು ಗಳಕ್ಕೆ ಒತ್ತಿಕೊಂಡು ನಿಂತಿದ್ದರು. ಎಲ್ಲರೂ ನನ್ನ ಮಾಳದ ಕಡೆ ನೋಡುತ್ತಿದ್ದರು. ಕಾರ್ಯದರ್ಶಿಗಳು ಕೆಳಗಿನಿಂದ ಕೈ ಮಾಡಿದರು. ಮುಗೀತಲ್ರೀ, ಊದಿ, ಗಳ ಮುರೀತಾರೆ ಅಂದರು. ನಾಲ್ಕನೇದು ಅಂದೆ. ಅದು ಮೆಳೆ ಹತ್ರ ನಿಂತುಹೋಗಿದೆ, ಹೊಗೆ ಬರ್ತಿದೆಯಂತೆ, ಅದಿನ್ನು ಬರೋದಿಲ್ಲ ಅಂದರು.

"ಬರೋದಿಲ್ಲ ಅಂತ ಹೋಗಿ ನೋಡಿ ಬಂದವರು ಯಾರು ಸಾರ್?" ಅಂದೆ.

ಅವರು ಎತ್ತಿದ ಕೈ ಇಳಿಸಿದರು. ಅವರೂ ರ‍್ಯಾಲಿಯವರೇ. ಎಷ್ಟೇ ಹೊತ್ತಾಗಲಿ, ಹೊರಟ ಕಾರಿನ ಲೆಕ್ಕ ಸಿಗದೆ ರಸ್ತೆ ಬಿಟ್ಟುಕೊಡುವ ಪದ್ಧತಿ ರ‍್ಯಾಲಿಯಲ್ಲಿ ಇಲ್ಲ. ಡ್ರಿಲ್ ಮಾಸ್ಟ್ರನ್ನು ಒಳಮಗ್ಗುಲಿಂದ ಮೆಳೆಯ ಕಡೆ ಓಡಿಸಿದೆ. ಜನರ ಗದ್ದಲ ಏರುತ್ತಿತ್ತು, ಯಾರೋ ನನ್ನನ್ನು ಬೈದರು. ಕೆಳಗಿನ ತಿರುವಿಗೆ ಕಣ್ಣು ಹೋಯಿತು. ಹಳದಿ ಸೀರೆ ಗಳದ ಹತ್ತಿರ ಬಂದಿತ್ತು. ಅವಳಿಗೆ ಕಾಣುತ್ತಿತ್ತು, ನನಗೆ ಕಾಣದ್ದು: ಧೂಳಿನ ನಡುವೆ ಮಸುಕಾಗಿ ತಮ್ಮನ ಕಾರು ತಿರುಗಿ ನಿಂತದ್ದು, ಮುಂಭಾಗದಿಂದ ಬೆಳ್ಳಗೆ ಹೊಗೆ ಏಳುತ್ತಿದ್ದದ್ದು. ಅಡ್ಡ ದಾಟಿ ಓಡಿದರೆ ಅವನ ಹತ್ತಿರ ಹೋಗಬಹುದು. ಒಂದು ಕಾಲು ಗಳದ ಮೇಲೆ ಎತ್ತಿ ಇಟ್ಟಳು. ನನ್ನ ಕಡೆ ತಿರುಗಿದಳು. ಅಷ್ಟು ದೂರದಿಂದ ಮುಖ ಕಾಣದಿದ್ದರೂ ಏನು ಕೇಳುತ್ತಿದ್ದಾಳೆ ಅಂತ ಗೊತ್ತಾಯಿತು. ಊದಿ ಅಂತ.

ನಾನು ಊದಲಿಲ್ಲ. ನನ್ನ ಕೈ ಜೇಬಿನೊಳಗೆ ಸೀಟಿಯನ್ನು ಹಿಡಿದುಕೊಂಡಿತ್ತು, ಅಷ್ಟೆ.

ಆಗ ಧೂಳಿನ ಒಳಗಿಂದ ಇಂಜಿನ್ನಿನ ಶಬ್ದ ಬಂತು. ಭಾಮೈದನ ಕಾರು ಮೆಳೆಯ ಹಿಂದೆ ಜಾರಿ ತಿರುಗಿ ನಿಂತಿತ್ತು. ಜಾಲರಿಗೆ ಹೊಟ್ಟು ಮೆತ್ತಿ ನೀರು ಕುದಿದು ಹಬೆ ಎದ್ದಿತ್ತು, ಇಂಜಿನ್ನಿಗೆ ಪೆಟ್ರೋಲು ಜಾಸ್ತಿಯಾಗಿ ಸ್ಟಾರ್ಟ್ ಆಗುತ್ತಿರಲಿಲ್ಲ. ಅವನು ಬಿಡದೆ ತಿರುಗಿಸಿ ತಿರುಗಿಸಿ ಅಂತೂ ಎಬ್ಬಿಸಿದ್ದ. ಗೆರೆ ದಾಟಿದರೆ ತಾನೇ ಲೆಕ್ಕಕ್ಕೆ ಬರುವುದು. ಕನ್ನಡಿಯಲ್ಲೂ ಮುಂದೆಯೂ ಬರೀ ಧೂಳು. ಉಳಿದವರು ಮುಗಿಸಿದ್ದು ಅವನಿಗೆ ಗೊತ್ತಿಲ್ಲ. ಕಾಲು ಪೂರ್ತಿ ಒತ್ತಿ ಬಂದ. ಕೆಳಗಿನ ತಿರುವಿನಲ್ಲಿ ಕಾರು ಅಡ್ಡಡ್ಡ ಜಾರುತ್ತ, ಹಬೆ ಬಿಡುತ್ತ, ಬೆಳಿಗ್ಗೆ ಜನ ಇಳಿದು ನಿಂತಿದ್ದ ಅದೇ ಜಾಗದ ಮೇಲೆ ಹಾದುಹೋಯಿತು. ಜಾಗ ಖಾಲಿ ಇತ್ತು. ಗಳದ ಹಿಂದೆ ಒಬ್ಬರೂ ಅಲುಗಾಡಿರಲಿಲ್ಲ. ಗದ್ದಲ ಒಮ್ಮೆಗೇ ನಿಂತುಹೋಗಿ, ಅಷ್ಟು ಜನ ಇದ್ದ ಗದ್ದೆಯಲ್ಲಿ ಆ ಒಂದು ಕಾರಿನ ಶಬ್ದ ಮಾತ್ರ ಉಳಿಯಿತು.

ಅವನು ಗೆರೆ ದಾಟಿ ನಿಲ್ಲಿಸಿದ. ನಾನು ಎಣಿಸಿದೆ. ನಾಲ್ಕು. ಮತ್ತೆ ಎಣಿಸಿದೆ. ಡ್ರಿಲ್ ಮಾಸ್ಟ್ರು ಮೆಳೆಯ ಪಕ್ಕದಿಂದ ಎರಡೂ ಕೈ ಎತ್ತಿ ಅಲ್ಲಿ ಯಾರೂ ಇಲ್ಲ ಅಂತ ತೋರಿಸಿದರು. ಸೀಟಿ ತೆಗೆದು ಬಾಯಿಗಿಟ್ಟರೆ ಉಸಿರೇ ಬರಲೊಲ್ಲದು.  ಮೂರನೇ ಸಲಕ್ಕೆ ಹೇಗೋ ಎರಡು ಗಿಡ್ಡ ಶಬ್ದ ಹೊರಟವು. ಆಗ ಜನ ಇಳಿದರು.

ಹೆಂಡತಿ ತಮ್ಮನ ಹತ್ತಿರ ಹೋಗಿ, ಅವನ ತಲೆ ಮೈ ಎಲ್ಲ ಮುಟ್ಟಿ ನೋಡಿ, ಬೆನ್ನಿಗೊಂದು ಗುದ್ದಿ, ಆಮೇಲೆ ಮಾಳದ ಕೆಳಗೆ ಬಂದಳು. ನಾನು ಇಳಿಯಲು ಹೋಗಿ ಏಣಿಯ ಅರ್ಧದಲ್ಲೇ ಕೂತಿದ್ದೆ.

"ಅವ ಹೋದ ಅಂತಲೇ ತಿಳ್ಕಂಡಿದ್ದೆ," ಅಂದಳು. "ಕಾಲು ಎತ್ತಿ ಆಗಿತ್ತು. ನೀವು ಊದ್ಲಿಲ್ಲ, ಅದಕ್ಕೆ ನಿಂತೆ."

 ಅವಳ ಕೈ ಹಿಡಿದುಕೊಂಡೆ, ಅಷ್ಟು ಜನರ ಎದುರಿಗೆ. ಅವಳು ಬಿಡಿಸಿಕೊಳ್ಳಲಿಲ್ಲ.

ಸಂಜೆ ಹೊಸನಗರದ ಬಸ್ಸಿನಲ್ಲಿ ಕೂತಾಗ, ರೇಸು ಹೆಂಗಿತ್ತು ಅಂತ ಅವಳೇ ನನ್ನನ್ನು ಕೇಳಿದಳು. ನಾನು ಎಲ್ಲಿ ನೋಡಿದೆ, ಎಣಿಸ್ತಾ ಇದ್ದೆ ಅಂದೆ. ಅವಳಿಗೆ ನಂಬಿಕೆ ಬರಲಿಲ್ಲ. ಅಲ್ಲಾ, ಇಡೀ ರೇಸು ಕಾಣೋ ಜಾಗದಲ್ಲಿ ನಿಂತು ನೀವು ನೋಡ್ಲಿಲ್ವಾ ಅಂತ ನಕ್ಕಳು. ಆಮೇಲೆ ಕೂತು ಹೇಳಲು ಶುರುಮಾಡಿದಳು. ಮೊದಲ ಓಟದಲ್ಲಿ ಹಸಿರು ಕಾರು ಹೆಂಗೆ ಹೊರಟಿತು, ಹೆರಾಲ್ಡಿನವನು ಯಾವ ತಿರುವಿನಲ್ಲಿ ಒಳಗಿನಿಂದ ನುಗ್ಗಿದ, ಜೀಪಿನವನು ಹೆಂಗೆ ಮೋಸ ಹೋದ. ಒಂದು ಸುತ್ತೂ ಬಿಡದೆ, ಕೈಯಲ್ಲಿ ತಿರುವು ತೋರಿಸುತ್ತ, ಮುಂದಿನ ಸೀಟಿನವರೂ ತಿರುಗಿ ಕೇಳುವ ಹಾಗೆ. ನಾನು ಕಿಟಕಿಗೆ ತಲೆ ಆನಿಸಿ ಕೇಳುತ್ತಾ ಹೋದೆ. ಅವಳ ಮಾತು ನಿಲ್ಲುವುದು ಬೇಡವಾಗಿತ್ತು. ಗೆದ್ದದ್ದು ಯಾರು ಅಂತ ನನಗೆ ಗೊತ್ತಾದಾಗ ಬಸ್ಸು ಅರ್ಧ ದಾರಿಯ ಬಟ್ಟೆಮಲ್ಲಪ್ಪ ಊರು ದಾಟಿತ್ತು.